ಗೆರೆ ಮುರಿದ ಜಾಗ

ಕಡಲ ದಡದ ಸೇಂಟ್ ಜಾನ್ಸ್ ಊರಲ್ಲಿ ಯಾರನ್ನು ಕಂಡರೂ ಬ್ರೆಡ್ ಮಾರುವವಳೂ ಚಿನ್ನ ಅಂತಾಳೆ, ಬಸ್ ಡ್ರೈವರೂ ಚಿನ್ನ ಅಂತಾನೆ. ಗಾರ್ಲಂಡ್ ಅಂತೂ ಗಣಿತ ವಿಭಾಗದಲ್ಲಿ ಕಸ ಗುಡಿಸುವ ಅಜ್ಜಿಯಿಂದ ಹಿಡಿದು ಡೀನ್‌ವರೆಗೆ ಯಾರನ್ನೂ ಬಿಟ್ಟವನಲ್ಲ. ವರ್ನಾಳನ್ನು ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದ.

"ನಾನೇನು ಪಾಪ ಮಾಡಿದ್ದೀನಿ ಮಾರಾಯ?" ಎಂದು ಅವಳು ಎರಡು ವರ್ಷದ ಹಿಂದೆ ಕೇಳಿದ್ದಳು, ಚಹಾಕ್ಕೆ ಡಬ್ಬಿ ಹಾಲು ಸುರಿಯುತ್ತಾ.

ಅವನ ಕಿವಿ ಕೆಂಪಾಗಿತ್ತು. "ನಿನಗೆ ಚಿನ್ನ ಅಂದ್ರೆ ಅದು ನಿಜ ಆಗಿಬಿಡುತ್ತೆ, ವರ್ನಾ. ನನ್ನ ಮದ್ವೆ ಆಗ್ತೀಯಾ?"

ಆಗ ಅವಳ ತಲೆ ತುಂಬ ಸಮೀಕರಣ. ಕಡಲಲ್ಲಿ ಇವತ್ತು ಎಷ್ಟು ಕಾಡ್ ಮೀನಿದೆ ಅನ್ನುವುದು ಎಂದೋ ಇಟ್ಟ ಮೊಟ್ಟೆಗಳ ಮೇಲೆ ನಿಂತಿರುತ್ತದಲ್ಲ, ಹಾಗೆ ತಡವಾಗಿ ಫಲ ಕೊಡುವ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಿಡಿಸುವುದೇ ಇಬ್ಬರ ಕೆಲಸ. "ಮೊದ್ಲು ಈ ಪ್ರಬಂಧ ಮುಗೀಲಿ ಕಣೋ," ಎಂದು ನಕ್ಕುಬಿಟ್ಟಳು. ಅವನೂ ನಕ್ಕ. ಅವನು ಅದೇ ಕುರ್ಚಿಯಲ್ಲಿ, ಅದೇ ಮನಸ್ಸಲ್ಲಿ ಕೂತೇ ಇರುತ್ತಾನೆ ಎಂದುಕೊಂಡಳು. ಅಯ್ಯೋ, ಓದಿದವಳ ಬುದ್ಧಿಯೇ!

ಇವತ್ತು ಪ್ರಬಂಧ ಮುಗಿಯುವುದಿತ್ತು. ಬೆಳಗ್ಗೆ ಕನ್ನಡಿ ಮುಂದೆ ನಿಂತು "ಹೂಂ, ಆಗ್ತೀನಿ" ಅಂತ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡು ಬಂದಿದ್ದಳು.

ಆದರೆ ಕಂಪ್ಯೂಟರ್ ಪರದೆ ಮೇಲಿನ ಗೆರೆಯಲ್ಲಿ ಒಂದು ಸಣ್ಣ ಕೊಂಕು.

"ಲೆಕ್ಕದ ಹೆಜ್ಜೆ ಇನ್ನೂ ಚಿಕ್ಕದು ಮಾಡೋಣ್ವಾ?" ಎಂದಳು.

ಗಾರ್ಲಂಡ್ ಬಗ್ಗಿ ನೋಡಿದ. "ಹೆಜ್ಜೆಯದೇನೂ ತಪ್ಪಿಲ್ಲ. ಗೆರೆ ಶುರುವಲ್ಲೇ ಮುರಿದಿದೆ, ನೋಡು. ಹಿಂದಿನ ವರ್ಷಗಳದ್ದೆಲ್ಲ ಒಂದೇ ಸಮ ಇತ್ತು ಅಂತ ಹಾಕಿದ್ದೀಯ. ಇರ್ಲಿಲ್ಲ. ಅಲ್ಲಿ ಮುರಿದದ್ದು ತಡವಾಗಿ ಇಲ್ಲಿ ತಲೆ ಎತ್ತಿದೆ."

"ಈ ಕೊಂಕು ಮುಂದೆಯೂ ಬರುತ್ತಾ?"

"ಬರುತ್ತೆ. ಪ್ರತಿ ಸಲ ಇನ್ನಷ್ಟು ನಯವಾಗಿ. ಆಮೇಲಾಮೇಲೆ ಕಣ್ಣಿಗೆ ಕಾಣಲ್ಲ. ಹೋಗೋದಂತೂ ಇಲ್ಲ."

ಅವನ ಭುಜ ಅವಳ ಭುಜಕ್ಕೆ ತಾಗುವಷ್ಟು ಹತ್ತಿರವಿತ್ತು.

"ಗಾರ್ಲಂಡ್, ಅವತ್ತು ನೀನು ಕೇಳಿದ್ದಕ್ಕೆ... ಹೂಂ. ಆಗ್ತೀನಿ."

ಮೌಸ್ ಮೇಲಿದ್ದ ಅವನ ಕೈ ನಿಂತಿತು.

"ಬೇಸಿಗೇಲಿ ನನ್ನ ಮದ್ವೆ, ವರ್ನಾ. ನಮ್ಮೂರಲ್ಲಿ, ಡಾಟ್ ಜೊತೆ. ಹೇಗೆ ಹೇಳೋದು ಅಂತ..."

"ಫೆರಿ ದೋಣಿಯಲ್ಲಿ ಟಿಕೆಟ್ ಕೊಡೋ ಡಾಟ್?"

"ಅವಳೇ." ಅವನ ದನಿ ಒಡೆಯಿತು. "ಕಾದೆ ಕಣೇ. ದಿನಾ ಚಹಾ ತಂದಿಟ್ಟೆ. ನೀನು ಕಪ್ ನೋಡ್ತಿದ್ದೆ, ನನ್ನನ್ನಲ್ಲ."

ತಪ್ಪು ತನ್ನದೇ ಎಂದು ಗೊತ್ತಿದ್ದರೆ ಸಂಕಟ ಕಮ್ಮಿಯೇನೂ ಆಗುವುದಿಲ್ಲ. ಆದರೂ ನಗಲು ನೋಡಿದಳು.

"ಡಾಟ್ ನಿನ್ನ ಮುಖ ನೋಡ್ತಾಳೆ ತಾನೇ?"

"ನೋಡ್ತಾಳೆ."

"ಹಾಗಾದ್ರೆ ಸರಿ ಬಿಡು. ಹೋಗು, ಬಸ್ ತಪ್ಪುತ್ತೆ."

ಅವನು ಕೋಟು ಹಾಕಿಕೊಂಡ. ಬಾಗಿಲ ಬಳಿ ಒಂದು ಗಳಿಗೆ ನಿಂತು ಅವಳ ಮುಖವನ್ನೇ ನೋಡಿದ. ಅವಳು ಎಷ್ಟೋ ಕಾಲದಿಂದ ಕೇಳಬೇಕೆಂದಿದ್ದ ಮಾತು ಆಗ ಅವನ ಬಾಯಿಂದ ಬಂತು.

"ಬರ್ತೀನಿ, ಚಿನ್ನ," ಎಂದ. ಬಸ್ ಡ್ರೈವರ್ ಅನ್ನುತ್ತಾನಲ್ಲ, ಹಾಗೆಯೇ ಅಂದ.