ವಿಷಯ ಸಂಖ್ಯೆ ಹದಿನಾಲ್ಕು

ಬೆಳಗಿನ ಬಿಸಿಲು ಇನ್ನೂ ಓಣಿಗೆ ಇಳಿದಿರಲಿಲ್ಲ. ಎದುರುಮನೆ ಜೈನಾಬಿಯ ಬಾಗಿಲ ಮುಂದೆ ಒಬ್ಬ ಗಂಡಸು ಮಂಡಿಯೂರಿ ಕೂತು ಮೆಟ್ಟಿಲಿಗೆ ಟೇಪ್ ಹಿಡಿದಿದ್ದ. ಕಿಟಕಿಯಿಂದ ಅದನ್ನು ಕಂಡ ಪದ್ಮಶ್ರೀ ಅರ್ಧ ಹೆಣೆದ ಜಡೆಯನ್ನು ಹಾಗೇ ಬಿಟ್ಟು ಓಡಿ ಬಂದಳು.

“ಯಾರ್ರೀ ನೀವು? ಮೆಟ್ಟಿಲು ಒಡೆಯಾಕ ಬಂದೀರೇನು? ನಾನು ಈ ವಾರ್ಡಿನ ಮೆಂಬರು. ನನ್ನ ಕೇಳದೆ ಇಲ್ಲಿ ಒಂದು ಕಲ್ಲೂ ಅಲ್ಲಾಡಂಗಿಲ್ಲ!”

ಅವನು ತಲೆಯೆತ್ತಿದ. ಬೈಸಿಕೊಂಡವನ ಮುಖದಂತಿರಲಿಲ್ಲ ಅದು. ಕಣ್ಣು ಮೊದಲು ಅವಳ ಮುಖಕ್ಕೆ, ಆಮೇಲೆ ಬಿಚ್ಚಿಕೊಳ್ಳುತ್ತಿದ್ದ ಜಡೆಗೆ, ಮತ್ತೆ ತಟ್ಟನೆ ಟೇಪಿಗೆ ಹೋಯಿತು.

“ಒಡೆಯಾಕಲ್ಲ ಮೇಡಂ, ಉಳಿಸಾಕ. ಚರಂಡಿ ಟೆಂಡರ್ ಹಾಕೋಣ ಅಂತ ಐತೆ. ಮೆಟ್ಟಿಲು ಮುಟ್ಟದೇ ಕೆಲಸ ಮಾಡಾಕ ಜಾಗ ಸಿಗ್ತೈತೇನು ಅಂತ ನೋಡ್ತಿದ್ದೆ.”

ಪದ್ಮಶ್ರೀ ಟೇಪಿನ ಕಡೆ ನೋಡಿದಳು. ಹರಿಹರದ ಹೊಳೆ ಕಡೆಯ ಆ ತಗ್ಗು ಓಣಿಗೆ ಪ್ರತಿ ಮಳೆಗಾಲ ಕೊಳಚೆ ನೀರು ನುಗ್ಗುತ್ತಿತ್ತು. ಹೊಲಿಗೆ ಅಂಗಡಿ ನಡೆಸುತ್ತಿದ್ದ ಅವಳು ಚುನಾವಣೆಗೆ ನಿಂತದ್ದೇ ಅದರ ಸಲುವಾಗಿ. ನಗರಸಭೆ ಒಮ್ಮೆ ಟೆಂಡರ್ ಕರೆದಿತ್ತು. ಜೆಸಿಬಿ ಹೋಗದ ಓಣಿ, ಎಲ್ಲ ಕೈಯಲ್ಲೇ ಅಗೆಯಬೇಕು ಅಂತ ಯಾರೂ ಅರ್ಜಿ ಹಾಕಿರಲಿಲ್ಲ. ಈಗ ಎರಡನೇ ಸಲ ಕರೆದಾಗ, ಜಾಗ ನೋಡಲು ಬಂದ ಮೊದಲ ಮನುಷ್ಯ ಇವನು.

“ಹೆಸರು?” ಎಂದಳು, ದನಿ ಇಳಿಸದೆ.

“ಬಕ್ಕೇಶ್ ಅಂತ. ದಾವಣಗೆರೆ ಕಡೆಯವನು, ಶಾಮನೂರು. ಜಡೆ ಬಿಚ್ಚಿಕೊಂತಾ ಐತ್ರಿ ಮೇಡಂ.”

“ನೀವು ಚರಂಡಿ ನೋಡ್ರಿ.”

“ಅದನ್ನೇ ನೋಡ್ತಿದ್ದೆ. ನೀವೇ ಅಡ್ಡ ಬಂದ್ರಿ.”

ಬಾಗಿಲಲ್ಲಿ ನಿಂತಿದ್ದ ಜೈನಾಬಿ ಸೆರಗು ಬಾಯಿಗಿಟ್ಟು ನಕ್ಕಳು.

*

ಬಕ್ಕೇಶ್ ಅರ್ಜಿ ಹಾಕಿದ. ಬಂದದ್ದು ಎರಡೇ ಅರ್ಜಿ; ಇನ್ನೊಂದು ತಾಂತ್ರಿಕ ಪರಿಶೀಲನೆಯಲ್ಲೇ ಬಿದ್ದುಹೋಯಿತು. ಇವನ ದರ ಅಂದಾಜಿನೊಳಗೇ ಇತ್ತು. ಇನ್ನು ನಗರಸಭೆಯ ಸಾಮಾನ್ಯ ಸಭೆ ಒಪ್ಪಬೇಕಿತ್ತು, ಅಷ್ಟೇ.

ಆ ನಡುವಿನ ದಿನಗಳಲ್ಲೇ ಆದದ್ದು ಅದು. ಪದ್ಮಶ್ರೀ ಲೈನಿಂಗ್ ಬಟ್ಟೆ ತರಲು ದಾವಣಗೆರೆಗೆ ಹೋದಾಗ ಅವನು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಸಿಕ್ಕನೋ, ಕಾದಿದ್ದನೋ, ಅವಳು ಕೇಳಲಿಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದರು. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂದಾಗ ಅವನು ತನ್ನ ಲೋಟವನ್ನು ಮೆಲ್ಲಗೆ ಅವಳತ್ತ ಸರಿಸಿದ. ಬೇರೆ ಕಡೆ ನೋಡುತ್ತಿರುವವನ ಹಾಗೆ ಕೂತಿದ್ದರೂ ಅವಳು ಕುಡಿದು ಮುಗಿಸುವ ತನಕ ಉಸಿರು ಬಿಟ್ಟಂತಿರಲಿಲ್ಲ. ಆಮೇಲೆ ಇನ್ನೊಂದು ಸಲ, ಮತ್ತೊಂದು ಸಲ. ಒಂದು ಭಾನುವಾರ ಅವನ ಬೈಕಿನ ಹಿಂದೆ ಕೂತು ಕೊಂಡಜ್ಜಿ ಕೆರೆಗೂ ಹೋದಳು.

ಕೆರೆಯ ನೀರು ಗಾಳಿಗೆ ಸಣ್ಣಗೆ ನಡುಗುತ್ತಿತ್ತು. ಬಕ್ಕೇಶ್ ಕೈಲಿದ್ದ ಹುಲ್ಲುಕಡ್ಡಿಯನ್ನು ತುಂಡು ತುಂಡು ಮಾಡಿ ಮುಗಿಸಿದ.

“ಒಂದು ಮಾತು ಹೇಳೋದೈತೆ ಮೇಡಂ.”

“ಹೇಳ್ಬ್ಯಾಡ್ರಿ.”

“ಏನಂತ ಗೊತ್ತಿಲ್ದೇನೇ?”

“ನೀವು ಹೇಳಿದ್ರೆ ನನಗೆ ಗೊತ್ತಾದಂಗೆ ಆಗ್ತೈತೆ. ಗೊತ್ತಾದ ಮೇಲೆ ಸಭೆಯಾಗ ಸುಮ್ನೆ ಕೂತು ನಿಮ್ಮ ಟೆಂಡರಿಗೆ ಕೈ ಎತ್ತಾಕ ಆಗಂಗಿಲ್ಲ.”

ಅವನು ಅವಳನ್ನೇ ನೋಡಿದ. “ಹೇಳದಿದ್ರೆ ಗೊತ್ತಿಲ್ಲೇನು?”

ಅವಳು ಎದ್ದು ಬೈಕಿನ ಕಡೆ ನಡೆದಳು. ಆದರೆ ಹಿಂತಿರುಗುವಾಗ ದಾರಿಯುದ್ದಕ್ಕೂ ಅವನ ಬೆನ್ನು, ಗಾಳಿಗೆ ಉಬ್ಬಿದ ಅಂಗಿ ಕಣ್ಣ ಮುಂದೆಯೇ ಇದ್ದವು. ಗೊತ್ತಿತ್ತು. ಖಂಡಿತ ಗೊತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಏನು ಮಾಡಬೇಕೆಂಬುದೂ ತೀರ್ಮಾನವಾಗಿತ್ತು.

ಅವ್ವ ಗಿರಿಯಮ್ಮ ಎಲ್ಲ ಕೇಳಿ ತಲೆ ಮೇಲೆ ಕೈ ಹೊತ್ತಳು. “ಯಾರಿಗೂ ತಿಳಿದಿಲ್ಲ. ಕೆಲಸ ಮುಗಿಯಾತನ ಬಾಯಿ ಮುಚ್ಕೊಂಡಿದ್ರೆ ಆಗಂಗಿಲ್ಲೇನು?”

“ಆಗಂಗಿಲ್ಲವ್ವ. ನಾಳೆ ತಿಳಿದ್ರೆ ಚರಂಡಿನೂ ಕೊಳಕು ಅಂತಾರೆ, ಅವನೂ ಕೊಳಕು ಅಂತಾರೆ.”

*

ಸಭೆಯ ದಿನ ಬಕ್ಕೇಶ್ ನಗರಸಭೆಯ ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದ. ಪದ್ಮಶ್ರೀ ಅವನ ಕಡೆ ನೋಡದೆ ಒಳಗೆ ಹೋದಳು. ಅವನ ಮುಖ ಸಣ್ಣದಾಯಿತು.

ಬೀದಿದೀಪ, ಕುಡಿಯುವ ನೀರು, ಮಾರುಕಟ್ಟೆ ಹರಾಜು ಎಲ್ಲ ಮುಗಿದವು. ಸಿಬ್ಬಂದಿಯೊಬ್ಬರು ಓದಿದರು: “ವಿಷಯ ಸಂಖ್ಯೆ ಹದಿನಾಲ್ಕು. ಹೊಳೆ ಓಣಿ ಚರಂಡಿ ಕಾಮಗಾರಿಯ ಟೆಂಡರ್ ಅನುಮೋದನೆ.”

ಪದ್ಮಶ್ರೀ ಎದ್ದು ನಿಂತಳು. “ಅಧ್ಯಕ್ಷರೇ, ಈ ವಿಷಯಕ್ಕೆ ನಾನು ಕೂರಂಗಿಲ್ಲ. ಹೊರಗೆ ಹೋಗ್ತೀನಿ. ಅದನ್ನ ನಡಾವಳಿಯಾಗ ಬರಸ್ರಿ.”

ಎದುರು ಸಾಲಿನ ಹಿರಿಯ ಸದಸ್ಯ ನಾಗಭೂಷಣ್ ಕನ್ನಡಕ ತೆಗೆದರು. ಅವಳ ಯಾವ ಮಾತಿಗೂ ಒಂದು ಕೊಂಕು ತೆಗೆಯದೆ ಬಿಟ್ಟವರಲ್ಲ. “ಈ ಚರಂಡಿ ಸಲುವಾಗಿ ಗೆದ್ದಾಗಿಂದ ನಮ್ಮ ತಲೆ ತಿಂದು, ಈಗ ಎದ್ದು ಹೋಗ್ತೀಯೇನಮ್ಮಾ? ಯಾಕ?”

“ಟೆಂಡರ್ ಹಾಕಿರೋ ಬಕ್ಕೇಶ್ ಅವರನ್ನ ನಾನು ಮದುವೆ ಆಗ್ಬೇಕಂತ ಇದೀನಿ.”

ನಾಗಭೂಷಣ್ ಕನ್ನಡಕ ಮತ್ತೆ ಹಾಕಿಕೊಂಡರು.

“ಅದು ಅವರಿಗೆ ಗೊತ್ತೈತೇನಮ್ಮಾ?”

“ಇನ್ನೂ ಇಲ್ರಿ. ಮೊದಲು ಸಭೆಗೆ ತಿಳಿಸ್ಬೇಕಿತ್ತು.”

ಇಡೀ ಸಭೆ ಗೊಳ್ಳೆಂದಿತು. ನಗು ನಿಂತ ಮೇಲೂ ನಾಗಭೂಷಣ್ ಬಿಡಲಿಲ್ಲ. “ನಗಾಡೋ ಮಾತಲ್ಲ ಇದು. ನಾವು ಒಪ್ಪಿದ್ವಿ ಅಂತ ಇಟ್ಕೊಳ್ರಿ. ಕೆಲಸದ ಮೇಲೆ ಕಣ್ಣಿಡೋರು ಯಾರು?”

“ನೀವೇ ಇಡ್ರಿ ಅಣ್ಣ. ನಿಮ್ಮಷ್ಟು ತಪ್ಪು ಹುಡುಕೋರು ಈ ಸಭೆಯಾಗ ಇನ್ನೊಬ್ಬರಿಲ್ಲ.”

ಹೇಳಿ ಹೊರಗೆ ನಡೆದಳು. ಪಡಸಾಲೆಯಲ್ಲಿ ಬಕ್ಕೇಶ್ ಎದ್ದು ನಿಂತಿದ್ದ. ತೆರೆದ ಕಿಟಕಿಯಿಂದ ಎಲ್ಲ ಕೇಳಿಸಿತ್ತೆಂದು ಅವನ ಕಿವಿಯ ಕೆಂಪೇ ಹೇಳುತ್ತಿತ್ತು.

“ನನ್ನನ್ನ ಒಂದು ಮಾತು ಕೇಳ್ಬಾರದಿತ್ತೇನ್ರಿ?”

“ಈಗ ಕೇಳ್ತೀನಿ. ಆಗ್ತೀರೇನು?”

“ಕೊಂಡಜ್ಜಿಯಾಗೇ ಆಗ್ತಿದ್ದೆ.” ಅವನು ಒಂದು ಹೆಜ್ಜೆ ಮುಂದಿಟ್ಟ. “ಟೆಂಡರ್ ವಾಪಸ್ ತಗೊಂತೀನಿ. ನಿಮಗೆ ಕೆಟ್ಟ ಹೆಸರು ಬರೋದು ಬ್ಯಾಡ.”

“ತಗೊಂಡ್ರೆ ನೋಡ್ರಿ! ಮೂರನೇ ಸಲ ಕರೆದ್ರೆ ಯಾರು ಬರ್ತಾರೆ? ಮತ್ತೊಂದು ಮಳೆಗಾಲ ಜೈನಾಬಿ ಮಂಚದ ಮೇಲೆ ಒಲೆ ಹಚ್ಚಬೇಕೇನು?” ಅವಳು ಉಸಿರು ತೆಗೆದುಕೊಂಡಳು. “ಮೆಂಬರಿನ ಗಂಡ ಅದೇ ನಗರಸಭೆಯ ಗುತ್ತಿಗೆ ಇಟ್ಕೊಳ್ಳಂಗಿಲ್ಲ. ಅದಕ್ಕೆ ಕೆಲಸ ಮುಗಿದು, ಆಮೇಲಿನ ರಿಪೇರಿ ಹೊಣೆಯೂ ಕಳೆದು, ಗುತ್ತಿಗೆ ಪೂರ್ತಿ ತೀರಾತನ ಮದುವೆ ಇಲ್ಲ. ಬೈಕಿಲ್ಲ, ಕೆರೆ ಇಲ್ಲ, ಫೋನೂ ಇಲ್ಲ. ಕಾಯ್ತೀರೇನು?”

ಅವನು ಬಹಳ ಹೊತ್ತು ಅವಳನ್ನು ನೋಡಿದ. ಮುಂದೆ ನೋಡಲಾಗದ ದಿನಗಳಿಗೂ ಈಗಲೇ ನೋಡಿಟ್ಟುಕೊಳ್ಳುವವನ ಹಾಗೆ.

“ಕಾಯ್ತೀನಿ,” ಎಂದ.

ಒಳಗೆ ಟೆಂಡರ್ ಒಪ್ಪಿಗೆಯಾಗಿತ್ತು. ಉಸ್ತುವಾರಿ ನಾಗಭೂಷಣ್ ಅವರದು.

*

ಬೇಸಿಗೆಯಿಡೀ ಓಣಿಯಲ್ಲಿ ಗುದ್ದಲಿ, ಹಾರೆಯ ಸದ್ದು. ಪದ್ಮಶ್ರೀ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ಅವನು ಕೆಳಗಿರುತ್ತಿದ್ದ. ಒಣಗಿದ ಸೀರೆಯನ್ನೇ ಅವಳು ಮತ್ತೆ ಕೊಡವಿ ಹರವುತ್ತಿದ್ದಳು. ಅವನು ತಲೆಯೆತ್ತುತ್ತಿದ್ದ, ಇಳಿಸುತ್ತಿದ್ದ. ಒಂದು ಮಾತಿಲ್ಲ. ನಾಗಭೂಷಣ್ ಕೊಡೆ ಹಿಡಿದು ದಿನಾ ಬಂದು, ಕಾಂಕ್ರೀಟಿಗೆ ಬೆರಳು ಒತ್ತಿ ನೋಡಿ, ಗೊಣಗಿ ಹೋಗುತ್ತಿದ್ದರು.

ಮುಂಗಾರಿಗೆ ಮುಂಚಿನ ಮೊದಲ ಅಡ್ಡಮಳೆ ಬಿದ್ದ ಮರುದಿನ ಜೈನಾಬಿಯ ಮನೆ ಮುಂದೆ ಚರಂಡಿಯಲ್ಲಿ ನೀರು ನಿಂತಿತ್ತು. ಇಳಿಜಾರು ತಪ್ಪಿತ್ತು. ನಾಗಭೂಷಣ್ ಕಣ್ಣಿಗೂ ಬಿದ್ದಿರಲಿಲ್ಲ, ಪದ್ಮಶ್ರೀ ಕಂಡಳು. ಅಷ್ಟು ಉದ್ದ ಒಡೆದು ಕಟ್ಟಿದರೆ ಅವನ ಲಾಭವೆಲ್ಲ ಅಲ್ಲೇ ಹೋಗುತ್ತದೆಂದು ಗೊತ್ತಿತ್ತು. ಆದರೂ ನಗರಸಭೆಯ ಎಂಜಿನಿಯರಿಗೆ ಫೋನ್ ಮಾಡಿದಳು.

ಸಂಜೆ ಬಕ್ಕೇಶ್ ತಾನೇ ಸುತ್ತಿಗೆ ಹಿಡಿದು ಒಡೆಯುತ್ತಿದ್ದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಪದ್ಮಶ್ರೀ ಬಾಗಿಲಲ್ಲಿ ನಿಂತಳು. ಅವನು ತಲೆಯೆತ್ತಿದ. ಕೋಪವಿರಬಹುದೆಂದು ಹೆದರಿ ನೋಡಿದ ಅವಳ ಕಣ್ಣಿಗೆ ಸಿಕ್ಕಿದ್ದು ದಣಿದ ಒಂದು ನಗೆ.

“ಸರಿ ಮಾಡ್ತೀನಿ ಮೇಡಂ,” ಎಂದ, ಕೆಲಸಗಾರರಿಗೆಲ್ಲ ಕೇಳುವಂತೆ.

“ಮಾಡ್ರಿ. ನೀರು ಬಿಟ್ಟು ನೋಡ್ತೀನಿ,” ಎಂದಳು ಅವಳೂ ಅಷ್ಟೇ ಜೋರಾಗಿ. ಒಳಗೆ ಬಂದು ಬಾಗಿಲಿಗೆ ಒರಗಿ ಅತ್ತಳು.

ಆ ಮಳೆಗಾಲ ಓಣಿಯ ಯಾವ ಮನೆಯ ಹೊಸ್ತಿಲನ್ನೂ ನೀರು ದಾಟಲಿಲ್ಲ. ಮುಂದಿನ ಮಳೆಗಾಲದಲ್ಲೂ ದಾಟಲಿಲ್ಲ. ಗುತ್ತಿಗೆಯ ಅವಧಿ ಮುಗಿದ ವಾರವೇ ಬಕ್ಕೇಶ್ ತನ್ನ ತಾಯಿ ಬಸವಣ್ಣೆಮ್ಮನನ್ನು ಕರೆದುಕೊಂಡು ಬಂದ. ಗಿರಿಯಮ್ಮ ಚಾಪೆ ಹಾಸಿ “ಕೂಡ್ರಿ” ಎಂದಳು. ಬಸವಣ್ಣೆಮ್ಮ ಕೂರುವ ಮೊದಲೇ ಮಾತು ತೆಗೆದಳು.

“ಜಾತಿ ಬೇರೆ ಅಂತ ನಮ್ಮ ಮಂದಿ ಮಾತಾಡ್ತಾರೆ. ಮಾತಾಡ್ಲಿ ಬಿಡ್ರಿ. ಇಷ್ಟು ದಿನ ಕಾದ ಹುಡುಗನ್ನ ನಾನೂ ನೋಡೀನಿ, ಕಾಯಿಸಿದ ಹುಡುಗೀನೂ ನೋಡ್ಬೇಕು ಅಂತ ಬಂದೆ.”

ತಾಯಂದಿರು ದಿನ ನೋಡಲು ಕೂತಾಗ ಬಕ್ಕೇಶ್ ಹೊರಗೆ ಬಂದು ನಿಂತ. ಪದ್ಮಶ್ರೀ ಪಕ್ಕಕ್ಕೆ ಬಂದಳು.

“ನೀವು ಮೆಂಬರ್ ಇರಾತನ ಹರಿಹರದಾಗ ಟೆಂಡರ್ ಹಾಕಂಗಿಲ್ಲ ನಾನು,” ಎಂದ. “ಆಮೇಲೆ?”

“ಆಮೇಲೆ ಮತ್ತೆ ಎಲೆಕ್ಷನ್‌ಗೆ ನಿಲ್ತೀನಿ.”

“ಹಂಗಾದ್ರೆ ನನ್ನ ಹೊಟ್ಟೆಪಾಡೆಲ್ಲ ದಾವಣಗೆರೆಯಾಗೇ.”

“ಊಟ ಮಾತ್ರ ಇಲ್ಲೇ.”

ಅವನು ನಕ್ಕ. ಓಣಿಯ ಬಾಗಿಲುಗಳಲ್ಲಿ ಹೆಂಗಸರು ಒಬ್ಬೊಬ್ಬರಾಗಿ ನಿಲ್ಲತೊಡಗಿದ್ದರು. ಪದ್ಮಶ್ರೀ ಎಲ್ಲರನ್ನೂ ಒಮ್ಮೆ ನೋಡಿದಳು. ಆಮೇಲೆ ಮಧ್ಯಾಹ್ನದ ಬಿಸಿಲಲ್ಲಿ, ಅಷ್ಟೂ ಜನರ ಎದುರು, ಅವನ ಕೈ ಹಿಡಿದುಕೊಂಡು ಹೊಳೆಯ ದಾರಿ ಹಿಡಿದಳು.