ಎಡಗಡೆಗೇ ಬಂದು ನಿಂತವನು

ಮೂರನೆಯ ಸುತ್ತಿನಲ್ಲಿ ಆ ಗಂಡಸು ತಿರುಗಿಬಿಟ್ಟ.

ಕಮಾನುಗಳ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕಿಯರ ಬೀಸಣಿಗೆಗಳು ಹಾಗೇ ನಿಂತವು.

ಸ್ಪೇನಿನ ಸಲಮಾಂಕಾ ಊರಿನ ದೊಡ್ಡ ಚೌಕದಲ್ಲಿ ಭಾನುವಾರ ಸಂಜೆ ಹೆಣ್ಣುಮಕ್ಕಳು ತೋಳಿಗೆ ತೋಳು ಕೊಟ್ಟು ಒಂದು ದಿಕ್ಕಿಗೆ ಸುತ್ತಬೇಕು, ಗಂಡಸರು ಎದುರು ದಿಕ್ಕಿಗೆ. ಒಂದು ಸುತ್ತಿಗೆ ಎರಡು ಸಲ ಮುಖ ಕಾಣುತ್ತದೆ, ಅಷ್ಟೇ. ಗಂಡಸು ತನ್ನ ದಿಕ್ಕು ಬಿಟ್ಟು ಹೆಣ್ಣಿನ ದಿಕ್ಕಿಗೆ ತಿರುಗಿ ಹೆಜ್ಜೆ ಹಾಕಿದನೆಂದರೆ, ನೀನು ಬೇಕು ಎಂದು ಊರೆದುರು ಹೇಳಿದ ಹಾಗೆ.

ಹೇಳಿದ್ದೇನೋ ಸರಿ... ಆದರೆ ಯಾರಿಗೆ?

ಕಮಾನುಗಳ ಬದಿಗೆ, ಬಲಗಡೆ, ಕಸಿಲ್ದಾ ಇದ್ದಳು. ಅವಳ ಎಡತೋಳು ಹಿಡಿದು ಎರ್ಮಿನಿಯಾ. ಇಬ್ಬರೂ ಚೌಕದ ಗುಂಡಿ-ದಾರದ ಅಂಗಡಿಯಲ್ಲಿ ಒಟ್ಟಿಗೆ ಕೆಲಸ ಮಾಡುವವರು. ಎರಡು ಸುತ್ತಿನಲ್ಲೂ ಅವನ ಕಣ್ಣು ನೆಟ್ಟಿದ್ದು ತನ್ನ ಮೇಲೇ ಎಂದು ಕಸಿಲ್ದಾ ಆಣೆ ಮಾಡಿ ಹೇಳಬಲ್ಲಳು. ಬಂದು ನಿಂತದ್ದು ಮಾತ್ರ ಎಡಗಡೆಗೆ, ಎರ್ಮಿನಿಯಾಳ ಪಕ್ಕಕ್ಕೆ.

"ನನ್ನ ಹೆಸರು ಫೆರ್ಮಿನ್. ನಿಮ್ಮ ಅಂಗಡಿ ಮೇಲಿನ ಕಮಾನಲ್ಲಿ ಮುರಿದ ಕಲ್ಲಿನ ಮುಖ ಕೆತ್ತಿ ಸರಿ ಮಾಡೋನು," ಎಂದ.

"ಓ, ಮೂಗಿಲ್ಲದ ಆ ಕಲ್ಲುರಾಜನ ಡಾಕ್ಟರು ನೀವೇನಾ?" ಎಂದಳು ಎರ್ಮಿನಿಯಾ.

"ಮೂಗು ಬಂತು. ತುಟಿ ಬಾಕಿ ಇದೆ."

"ತುಟಿ ಬಿಗಿಯಾಗೇ ಇರಲಿ. ಬಾಯಿ ಬಿಟ್ಟರೆ ಅಂಗಡಿಗೆ ಕಂದಾಯ ಹಾಕ್ತಾನೆ."

ಅವನು ನಕ್ಕ. ನಗುತ್ತಾ ಎರ್ಮಿನಿಯಾಳ ತಲೆಯ ಆಚೆಗೆ ಬಗ್ಗಿ ಕಸಿಲ್ದಾಳನ್ನು ನೋಡಿದ. ಇದೆಂಥ ಮನುಷ್ಯ? ಒಬ್ಬಳ ಪಕ್ಕ ನಿಂತು ಇನ್ನೊಬ್ಬಳನ್ನು ನೋಡುತ್ತಾನಲ್ಲ!

ಕಸಿಲ್ದಾಳಿಗೆ ತಮಾಷೆಯ ಹೊತ್ತಲ್ಲ ಅದು. ಬಿಲ್ಬಾವೊದಿಂದ ಚಿಕ್ಕಮ್ಮ ಕಾಗದ ಬರೆದಿದ್ದಳು: "ಇಲ್ಲಿ ನಿನಗೆ ಕೆಲಸ ನೋಡಿದ್ದೇನೆ. ಅಲ್ಲಿ ನಿನ್ನವರು ಅಂತ ಯಾರಾದರೂ ಇದ್ದರೆ ತಿಳಿಸು. ಇಲ್ಲದಿದ್ದರೆ ತಿಂಗಳ ಕೊನೆಗೆ ರೈಲು ಹತ್ತು." ತಿಂಗಳು ಮುಗಿಯಲು ಎರಡು ಭಾನುವಾರ ಉಳಿದಿದ್ದವು.

ಸೋಮವಾರ ಅಂಗಡಿಯಲ್ಲಿ ಗುಂಡಿ ವಿಂಗಡಿಸುತ್ತಾ ಎರ್ಮಿನಿಯಾ ಹೇಳಿದಳು, "ತಲೆ ಕೆಡಿಸ್ಕೋಬೇಡ ಕಣೇ. ಮುಂದಿನ ವಾರ ನಾವಿಬ್ಬರೂ ಜಾಗ ಬದಲಾಯಿಸೋಣ. ಯಾರ ಪಕ್ಕ ಬರ್ತಾನೋ ಅವಳಿಗೆ."

"ನಿನ್ನ ಪಕ್ಕ ಬಂದರೆ?"

"ಬಂದರೆ ಮೂಗು ನೆಟ್ಟಗಿದೆ, ಇಟ್ಕೋತೀನಿ ಬಿಡು."

ಮುಂದಿನ ಭಾನುವಾರ ಕಸಿಲ್ದಾ ಎಡಗಡೆಗೆ ಬಂದಳು. ಇಳಿಬಿಸಿಲಿಗೆ ಚೌಕದ ಕಲ್ಲೆಲ್ಲ ಜೇನಿನ ಬಣ್ಣಕ್ಕೆ ತಿರುಗಿತ್ತು. ಫೆರ್ಮಿನ್ ಮೊದಲ ಸುತ್ತಿಗೇ ತಿರುಗಿ ನೇರ ಅವಳ ಪಕ್ಕಕ್ಕೆ ಬಂದ. ಅವನ ಅಂಗಿಯಿಂದ ಒದ್ದೆ ಕಲ್ಲಿನ ಪುಡಿಯ ವಾಸನೆ ಬರುತ್ತಿತ್ತು. ಕಸಿಲ್ದಾಳಿಗೆ ಕಾಲು ನೆಲಕ್ಕೆ ತಾಗಲಿಲ್ಲ.

ಆ ಖುಷಿ ಅರ್ಧ ಸುತ್ತು ಉಳಿಯಿತು.

"ಲೇ," ಎರ್ಮಿನಿಯಾ ಕಿವಿಯಲ್ಲಿ ಪಿಸುಗುಟ್ಟಿದಳು, "ಇವನು ಹುಡುಗೀನ ನೋಡಿ ಬಂದೋನಲ್ಲ ಕಣೇ, ಎಡಗಡೆ ನೋಡಿ ಬಂದೋನು. ಅಲ್ಲಿ ಕತ್ತೆ ಕಟ್ಟಿದ್ದರೂ ಅದರ ಪಕ್ಕ ನಿಲ್ತಿದ್ದ."

ಕಸಿಲ್ದಾ ಬೆವೆತಳು. ಹೌದಲ್ಲ... ಹೋದ ವಾರವೂ ಎಡ, ಈ ವಾರವೂ ಎಡ. ಯಾರಿದ್ದರೂ ಸರಿಯೇ ಇವನಿಗೆ?

ಇನ್ನೊಬ್ಬಳಾಗಿದ್ದರೆ ಆಗಲೇ ಮುಖಕ್ಕೆ ಹೊಡೆದ ಹಾಗೆ ಕೇಳಿಬಿಡುತ್ತಿದ್ದಳು. ಇವಳಿಗೆ ಬಾಯಿ ಬರಲು ಪೂರಾ ಒಂದು ವಾರ ಬೇಕಾಯಿತು.

ಕೊನೆಯ ಭಾನುವಾರ. ಎರ್ಮಿನಿಯಾ ಅವನ ಬಲಗಡೆ ಬಿಡುವಿಲ್ಲದೆ ಹರಟುತ್ತಿದ್ದಳು. ಕಸಿಲ್ದಾ ಹಿಂದಿನಿಂದ ಸುತ್ತಿ ಅವನ ಎಡಗಡೆಗೆ ಬಂದಳು. ಮುಖ ನೋಡುವ ಧೈರ್ಯವಾಗದೆ ನೆಲ ನೋಡುತ್ತಾ ಕೇಳಿದಳು: "ನೀವು ತಿರುಗಿದ್ದು ಯಾರಿಗಾಗಿ? ಹೇಳಿ. ಮಂಗಳವಾರ ನಾನು ರೈಲು ಹತ್ತಬೇಕು."

ಉತ್ತರವಿಲ್ಲ. ಮತ್ತೊಮ್ಮೆ ಕೇಳಿದಳು. ಅವನು ಎರ್ಮಿನಿಯಾಳ ಯಾವುದೋ ಮಾತಿಗೆ ನಗುತ್ತಿದ್ದ.

ಸಾಕು!

ಕಸಿಲ್ದಾ ಗಕ್ಕನೆ ನಿಂತು ಹಿಂದಕ್ಕೆ ತಿರುಗಿ ಗಂಡಸರ ದಿಕ್ಕಿಗೆ ನಡೆದುಬಿಟ್ಟಳು. ಸಲಾಮಿಗೆ ಟೋಪಿ ಎತ್ತಿದ್ದವರು ಇಳಿಸುವುದನ್ನು ಮರೆತರು.

"ಯಾರ ಮನೆ ಹುಡುಗೀನೇ ಅದು? ದಿಕ್ಕು ತಪ್ಪಿದೆ," ಎಂದಳು ಒಬ್ಬ ಮುದುಕಿ.

ಕಣ್ಣಲ್ಲಿ ನೀರು ತುಂಬಿ ಕಮಾನುಗಳೆಲ್ಲ ಒಂದರೊಳಗೊಂದು ಕಲಸಿಹೋದವು. ಹೋಗುತ್ತಿರುವುದು ಎಲ್ಲಿಗೆಂದು ಅವಳಿಗೇ ತಿಳಿದಿರಲಿಲ್ಲ. ಅವನಿಂದ ದೂರ ಹೋದರೆ ಸಾಕಿತ್ತು. ಆದರೆ ಆ ಚೌಕದಲ್ಲಿ ಎದುರು ದಿಕ್ಕಿಗೆ ಹೋದವರು ಅರ್ಧ ಸುತ್ತಿಗೆ ಮತ್ತೆ ಎದುರಾಗಲೇಬೇಕು.

ದೊಡ್ಡ ಗಡಿಯಾರದ ಕೆಳಗೆ ಎದುರಾದ. ಹುಡುಗಿಯರ ಸಾಲಿನ ನಡುವೆ ಒಬ್ಬನೇ, ಏದುಸಿರು ಬಿಡುತ್ತಾ ಬಂದಿದ್ದ.

"ಯಾಕೆ ಹೋದೆ?"

"ಕೇಳಿದ್ದಕ್ಕೆ ಉತ್ತರ ಕೊಡೋಕಾಗದಷ್ಟು ದೊಡ್ಡ ಮನುಷ್ಯನಾ ನೀನು?"

"ಕೇಳಿದೆಯಾ? ಯಾವ ಕಡೆಯಿಂದ?"

ಇವನಿಗೆ ಹುಚ್ಚೇನು? "ಎಡಗಡೆಯಿಂದ," ಎಂದಳು.

ಅವನ ಮುಖ ಬಿಳಿಚಿಕೊಂಡಿತು. ಸುತ್ತ ನೋಡಿ ದನಿ ತಗ್ಗಿಸಿದ.

"ನನ್ನ ಎಡಗಿವಿ ಸತ್ತಿದೆ. ಚಿಕ್ಕವನಿದ್ದಾಗ ಜ್ವರ ಬಂದು ಕೇಳೋದೇ ನಿಂತುಹೋಯ್ತು. ನಾನು ಎಡಗಡೆ ನಿಂತರೇನೇ ನಿನ್ನ ಮಾತು ಬಲಗಿವಿಗೆ ಬೀಳೋದು. ನೀನು ಅಷ್ಟು ಮೆಲ್ಲಗೆ ಮಾತಾಡ್ತೀಯಲ್ಲ."

"ಮೊದಲೇ ಹೇಳೋಕೆ ಏನಾಗಿತ್ತು?"

"ಕೆಳಗಿಂದ ಕೂಗಿದ್ದು ಕೇಳಿಸದ ಕಿವುಡನನ್ನ ಅಷ್ಟೆತ್ತರದ ಅಟ್ಟಣೆ ಮೇಲೆ ಯಾರು ಹತ್ತಿಸ್ತಾರೆ? ಮೇಸ್ತ್ರಿಗೆ ಗೊತ್ತಾದರೆ ನಾಳೆಯಿಂದ ಕೆಲಸ ಇಲ್ಲ. ಅದಕ್ಕೇ ಯಾರಿಗೂ ಹೇಳಿಲ್ಲ."

"ಮತ್ತೆ ನನಗೆ ಯಾಕೆ ಹೇಳಿದೆ?"

"ನೀನು ಹೊರಟೇ ಹೋಗ್ತಿದ್ದೆಯಲ್ಲ..."

ಕಸಿಲ್ದಾಳಿಗೆ ಸಿಟ್ಟೋ, ನಗುವೋ, ಅಳುವೋ ತಿಳಿಯಲಿಲ್ಲ. ಎರಡು ವಾರ ನಿದ್ದೆ ಕೆಡಿಸಿದ್ದು ಒಂದು ಕಿವಿ! ಕಣ್ಣೊರೆಸಿಕೊಂಡು ಅವನ ಬಲಗಡೆಗೆ ಬಂದು ನಿಂತಳು.

"ಯಾರಿಗಾಗಿ ತಿರುಗಿದೆ?"

"ನಿನಗಾಗಿ. ಮೊದಲನೇ ಸುತ್ತಿಗೇ ತಿರುಗಬೇಕಿತ್ತು. ಧೈರ್ಯ ಬರಲಿಲ್ಲ."

ಅವರ ಎರಡೂ ಬದಿಗೆ ಜನ ಹರಿದುಹೋಗುತ್ತಿತ್ತು, ಹೆಣ್ಣುಮಕ್ಕಳು ಅತ್ತ, ಗಂಡಸರು ಇತ್ತ. ಇಬ್ಬರೂ ಯಾವ ದಿಕ್ಕಿಗೂ ಸೇರದೆ ನಿಂತಿದ್ದರು.

"ಇಲ್ಲಿ ನನ್ನವರು ಅಂತ ಯಾರೂ ಇಲ್ಲದಿದ್ದರೆ ಬಿಲ್ಬಾವೊಗೆ ಬಂದುಬಿಡು ಅಂದಿದ್ದಾಳೆ ಚಿಕ್ಕಮ್ಮ. ಇವತ್ತೇ ಅವಳಿಗೆ ಬರೀಬೇಕು," ಎಂದಳು ಅವಳು. "ಏನಂತ ಬರೀಲಿ?"

"ಒಬ್ಬ ಕಿವುಡ ಸಿಕ್ಕಿದ್ದಾನೆ ಅಂತ ಬರಿ."

"ಅದನ್ನ ಯಾಕೆ ಬರೀಲಿ? ಅದು ನಮ್ಮಿಬ್ಬರಲ್ಲೇ ಇರಲಿ." ಅವನ ಬಲತೋಳಿಗೆ ತನ್ನ ತೋಳು ಸೇರಿಸಿದಳು. "ಬರಲ್ಲ ಅಂತಷ್ಟೇ ಬರೀತೀನಿ."