ಕೇಳಿದರೆ ಸಿಗದ ಗಿಪಿ

“ನಾನು ಕದಿಯಲ್ಲ ಅಜ್ಜಿ! ಕೇಳಿ ತರ್ತೀನಿ” ಎಂದಳು ಸಪಿಯತ್.

“ಗಿಪಿನ ಕೇಳಿದ್ರೆ ಈ ಕಣಿವೇಲಿ ಯಾರೂ ಕೊಡಲ್ಲ ಕಣೇ. ಕೈಯಾರೆ ಕೊಟ್ರೆ ಕೊಟ್ಟೋರ ಮನೆ ಅದೃಷ್ಟ ಹೋಗುತ್ತೆ. ನಮ್ಮಜ್ಜಿ ಕಾಲದಿಂದ ಕದ್ದೇ ತರೋದು.” ಅಜ್ಜಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು.

ಗಿಪಿ ಎಂದರೆ ಹೂಕೋಸಿನ ಚೂರಿನಂಥ ಬಿಳಿ ಉಂಡೆಗಳು. ಹಾಲಿಗೆ ಹಾಕಿಟ್ಟರೆ ಹಾಲು ಹುಳಿಯಾಗುತ್ತದೆ. ಅದನ್ನು ದಿನಾ ಒಂದು ಲೋಟ ಕುಡಿದರೇ ಅಜ್ಜಿಯ ಮಂದ ಹೊಟ್ಟೆ ಹಗುರವಾಗುವುದು.

ಕಳೆದ ವಾರ ಶಾಲೆಯಲ್ಲಿ ಟೀಚರ್, “ಬಿಸಿನೀರಿಗೆ ಬ್ಯಾಕ್ಟೀರಿಯಾ ಸಾಯುತ್ತವೆ” ಎಂದಿದ್ದರು. ಸಪಿಯತ್ ಮನೆಗೆ ಬಂದವಳೇ ಗಿಪಿಯ ಮೇಲೆ ಕುದಿಯುವ ನೀರು ಸುರಿದು ಚೆನ್ನಾಗಿ ತೊಳೆದಿದ್ದಳು. ಆಮೇಲೆ ಹಾಲು ಹುಳಿಯಾಗಲೇ ಇಲ್ಲ.

“ನನ್ನ ಹೊಟ್ಟೇಲಿ ಕೆಲಸ ಮಾಡೋರು ಅವರೇ ಕಣೇ. ಎಲ್ಲರನ್ನೂ ಸಾಯಿಸ್ಬಿಟ್ಯಲ್ಲ!” ಎಂದು ಅಜ್ಜಿ ನಕ್ಕಿದ್ದಳು. ಬೈದಿದ್ದರೇ ವಾಸಿಯಿತ್ತು.

ಸಪಿಯತ್ ಪಕ್ಕದ ಮನೆಯ ಬಾಗಿಲನ್ನು ದಬದಬ ಬಡಿದಳು.

“ಕೆಲಿಮತ್ ಅತ್ತೆ, ನಮ್ಮ ಗಿಪಿ ಸತ್ತೋಯ್ತು. ನಾನೇ ಸಾಯಿಸ್ದೆ. ಸ್ವಲ್ಪ ಕೊಡಿ.”

ಕೆಲಿಮತ್ ಎರಡೂ ಕಿವಿ ಮುಚ್ಚಿಕೊಂಡಳು. “ಅಯ್ಯೋ, ಕೇಳೇಬಿಟ್ಯಲ್ಲೇ! ಇನ್ನು ಹೇಗೆ ಕೊಡ್ಲಿ? ಹೋಗು, ಹೋಗು!”

“ಹೋಗಲ್ಲ. ಕದಿಯೋದು ತಪ್ಪು ಅಂತ ಹೇಳ್ಕೊಟ್ಟೋರು ನೀವೇ ತಾನೆ?”

“ಎಷ್ಟು ಬಾಯಿ ನಿಂಗೆ! ಅಜ್ಜಿ ಹೇಗಿದಾಳೆ?”

“ಹೊಟ್ಟೆ ಕಲ್ಲಾಗಿದೆಯಂತೆ. ನಿನ್ನೆಯಿಂದ ಏನೂ ತಿಂದಿಲ್ಲ.” ಸಪಿಯತ್ ಹೊಸ್ತಿಲು ಬಿಟ್ಟು ಕದಲಲಿಲ್ಲ.

ಕೆಲಿಮತ್ ಅವಳನ್ನು ಒಳಗೆ ಕರೆದಳು. ಗಿಪಿಯ ಜಾಡಿಯನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲೊಂದು ಖಾಲಿ ಬಾಟಲಿ, ಒಂದು ಮರದ ಚಮಚ.

“ನನ್ನ ಹಸು ಕೂಗ್ತಿದೆ. ಕೊಟ್ಟಿಗೆಗೆ ಹೋಗ್ತೀನಿ. ಬರೋದು ತಡ ಆಗುತ್ತೆ. ತುಂಬಾ ತಡ.”

ಯಾವ ಹಸುವೂ ಕೂಗಿರಲಿಲ್ಲ.

ಸಪಿಯತ್ ಜಾಡಿ ನೋಡಿದಳು, ಖಾಲಿ ಬಾಟಲಿ ನೋಡಿದಳು. ಆಮೇಲೆ ಚಮಚ ಎತ್ತಿಕೊಂಡು ಕಿಟಕಿಯ ಹೊರಗೆ ಮುಖ ಹಾಕಿ ಕೂಗಿದಳು. “ಅತ್ತೇ, ನಾನು ಕದೀತಿದ್ದೀನಿ! ಎರಡು ಚಮಚ!”

“ನಂಗೇನೂ ಕೇಳಿಸ್ತಿಲ್ಲ!” ಕೊಟ್ಟಿಗೆಯಿಂದ ಉತ್ತರ ಬಂತು. “ತಣ್ಣೀರಲ್ಲೇ ತೊಳಿ!”

ಆ ವಾರ ಕಳೆಯುವುದರೊಳಗೆ ಅಜ್ಜಿ ಇನ್ನೊಂದು ರೊಟ್ಟಿ ಕೇಳಿ ತಿಂದಳು.

ಚಳಿಗಾಲದಲ್ಲಿ ಒಂದು ಸಂಜೆ ಕೆಲಿಮತ್ ಬಂದು ಒಲೆಯ ಬಳಿ ಕೂತಳು. ಹಿಮದ ಮಾತಾಡಿದಳು. ತನ್ನ ಬೆಕ್ಕು ಜಾಡಿ ಬೀಳಿಸಿ ಒಡೆದದ್ದನ್ನು ಹೇಳಿ ಬೈದಳು. ಏನನ್ನೂ ಕೇಳಲಿಲ್ಲ. ಕಣ್ಣು ಮಾತ್ರ ಮತ್ತೆ ಮತ್ತೆ ಕಪಾಟಿನ ಕಡೆ ಹೋಗುತ್ತಿತ್ತು.

ಸಪಿಯತ್ ಎದ್ದು ಗಿಪಿಯ ಜಾಡಿಯನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ತೊಳೆದ ಬಾಟಲಿ, ಚಮಚ.

“ಅಜ್ಜೀ, ಬಾ ಹೊರಗೆ” ಎಂದಳು. “ನಮ್ಮ ಹಸು ಕೂಗ್ತಿದೆ.”

ಅವರ ಮನೆಯಲ್ಲಿ ಹಸುವೇ ಇರಲಿಲ್ಲ.